ದೋಷದ ಜಾಡು

ಮನುಷ್ಯನು ನಿರ್ಮಿಸಿಕೊಂಡ ಯಂತ್ರಗಳಲ್ಲಿ ಗಣಕಯಂತ್ರದಷ್ಟು ವಿಧೇಯವಾದುದು ಇನ್ನೊಂದಿಲ್ಲ. ಕೊಟ್ಟ ಆಜ್ಞೆಯನ್ನು ಅದು ಅಕ್ಷರಶಃ ಪಾಲಿಸುತ್ತದೆ. ಅದಕ್ಕೆ ಬೇಸರವೆಂಬುದಿಲ್ಲ, ದಣಿವೆಂಬುದಿಲ್ಲ. ಒಂದು ಕಾಲದಲ್ಲಿ ದೊಡ್ಡ ಕೋಣೆಯನ್ನೇ ತುಂಬುತ್ತಿದ್ದ ಈ ಯಂತ್ರವು ಇಂದು ಮನೆಯ ಮೇಜಿನ ಮೂಲೆಯಲ್ಲಿ ಕುಳಿತು, ಮಕ್ಕಳ ಪಾಠ, ಹಿರಿಯರ ಲೆಕ್ಕಪತ್ರ, ಮನೆಮಂದಿಯ ಭಾವಚಿತ್ರ ಎಲ್ಲವನ್ನೂ ತನ್ನ ಒಡಲಿನಲ್ಲಿ ಕಾಪಾಡುತ್ತದೆ. ಆದರೆ ಇಷ್ಟು ವಿಧೇಯವಾದ ಯಂತ್ರವೂ ಒಮ್ಮೊಮ್ಮೆ ಹೇಳಿದ ಮಾತು ಕೇಳದೆ ನಿಂತುಬಿಡುವುದುಂಟು.

ಕೆಲಸದ ನಡುವೆ ಪರದೆಯ ಮೇಲಿದ್ದುದೆಲ್ಲ ಥಟ್ಟನೆ ಮಾಯವಾಗುತ್ತದೆ. ಯಂತ್ರವು ತೊಂದರೆಗೆ ಸಿಲುಕಿದೆ, ಅದನ್ನು ಮತ್ತೆ ಆರಂಭಿಸಬೇಕಾಗಿದೆ ಎಂಬ ಸೂಚನೆಯೂ ಅದರ ಜೊತೆಗೆ ಸುಲಭವಾಗಿ ಅರ್ಥವಾಗದ ಒಂದು ಸಂಕೇತಪದವೂ ಮೂಡುತ್ತವೆ. ವಿಂಡೋಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಈ ಸೂಚನೆಯ ಹಿನ್ನೆಲೆಯು ದಶಕಗಳ ಕಾಲ ನೀಲಿಯಾಗಿದ್ದುದರಿಂದ ಜನರು ಅದನ್ನು ‘ನೀಲಿ ಪರದೆ’ ಎಂದೇ ಕರೆದರು. 2025ರಲ್ಲಿ ವಿಂಡೋಸ್ 11ರಲ್ಲಿ ಆ ಬಣ್ಣವು ಕಪ್ಪಾಯಿತು. ಬಣ್ಣ ಬದಲಾದರೂ ಸುದ್ದಿ ಒಂದೇ. ಒಮ್ಮೆ ಹೀಗಾದರೆ ಆಕಸ್ಮಿಕವೆಂದು ಸುಮ್ಮನಿರಬಹುದು. ಅದೇ ಸೂಚನೆಯು ವಾರದಲ್ಲಿ ಮೂರು ಬಾರಿ, ನಾಲ್ಕು ಬಾರಿ ಕಾಣಿಸಿಕೊಂಡರೆ ಅದು ಆಕಸ್ಮಿಕವಲ್ಲ. ಮರುಕಳಿಸುವ ದೋಷಕ್ಕೆ ಎಲ್ಲಿಯೋ ಒಂದು ಕಾರಣವಿರಲೇಬೇಕು.

ಯಂತ್ರವು ಹೀಗೆ ನಿಂತಾಗ ಅದು ಸತ್ತಿತೆಂದು ಹೆದರುವವರು ಅನೇಕರು. ನಿಜಸ್ಥಿತಿ ಬೇರೆ. ಯಂತ್ರದ ಎಲ್ಲ ಅಂಗಗಳನ್ನೂ ಎಲ್ಲ ಕಾರ್ಯಕ್ರಮಗಳನ್ನೂ ಹೊಂದಿಸಿಕೊಂಡು ನಡೆಸುವ ಮೂಲ ಕಾರ್ಯಕ್ರಮಕ್ಕೆ ಕಾರ್ಯಾಚರಣಾ ವ್ಯವಸ್ಥೆಯೆಂದು ಹೆಸರು. ತನ್ನ ನೆನಪಿನಲ್ಲಿರುವ ಮಾಹಿತಿಯು ನಂಬಲರ್ಹವಾಗಿ ಉಳಿದಿಲ್ಲವೆಂದು ತಿಳಿದುಬಂದಾಗ ಅದು ಬೇಕೆಂದೇ ನಿಲ್ಲುತ್ತದೆ. ಮುಂದುವರಿದರೆ ಡಿಸ್ಕಿನಲ್ಲಿ ಭದ್ರವಾಗಿರುವ ಬರಹವೂ ಕೆಟ್ಟುಹೋದೀತೆಂಬ ಎಚ್ಚರಿಕೆಯೇ ಇದಕ್ಕೆ ಕಾರಣ. ಕತ್ತಲಲ್ಲಿ ಗಾಡಿ ಎಳೆಯುತ್ತಿರುವ ಎತ್ತು ಹಳ್ಳದ ಅಂಚಿಗೆ ಬಂದಾಗ ಕಾಲೂರಿ ನಿಲ್ಲುವುದಿಲ್ಲವೇ? ಇದೂ ಹಾಗೆಯೇ. ಅಂಥ ವೇಳೆಯಲ್ಲಿ ಬಾರುಕೋಲು ಎತ್ತುವವನು ಜಾಣನಲ್ಲ; ಗಾಡಿಯಿಂದ ಇಳಿದು, ದೀಪ ಹಿಡಿದು, ಮುಂದೇನಿದೆ ಎಂದು ನೋಡುವವನು ಜಾಣ.

ಆದರೆ ಸಾಮಾನ್ಯವಾಗಿ ನಡೆಯುವುದು ಬಾರುಕೋಲಿನ ಕೆಲಸವೇ. ಮೊದಲು ಯಂತ್ರವನ್ನು ಆರಿಸಿ ಮತ್ತೆ ಹಚ್ಚುತ್ತಾರೆ. ಅದರಿಂದ ಪ್ರಯೋಜನವಾಗದಿದ್ದರೆ ‘ವೈರಸ್ ಬಂದಿದೆ’ ಎಂದು ತೀರ್ಮಾನಿಸಿ, ಸಿಕ್ಕಿದ ನಾಲ್ಕಾರು ಕಾರ್ಯಕ್ರಮಗಳನ್ನು ತಂದು ತುಂಬುತ್ತಾರೆ. ಅದೂ ಫಲಿಸದಿದ್ದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಆರಂಭಿಸುತ್ತಾರೆ. ಹತ್ತು ವರ್ಷಗಳ ಭಾವಚಿತ್ರಗಳು ಅಳಿದುಹೋದ ಮೇಲೆಯೂ ದೋಷವು ಹಾಗೆಯೇ ಉಳಿದಿರುವುದುಂಟು. ಏಕೆಂದರೆ ಅದು ಇದ್ದದ್ದು ಧೂಳು ಕಟ್ಟಿ ತಿರುಗದೆ ನಿಂತ ಒಂದು ಸಣ್ಣ ಫ್ಯಾನಿನಲ್ಲಿ. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು’ ಎಂಬ ಗಾದೆ ಇಂಥ ಚಿಕಿತ್ಸೆಗೆ ಚೆನ್ನಾಗಿ ಒಪ್ಪುತ್ತದೆ.

ಯಂತ್ರದ ದೋಷಕ್ಕೆ ಇಂಗ್ಲಿಷಿನಲ್ಲಿ ‘ಬಗ್’ ಎಂಬ ಹೆಸರಿದೆ. ಬಗ್ ಎಂದರೆ ಹುಳು. ಗಣಕಯಂತ್ರವು ಹುಟ್ಟುವುದಕ್ಕೆ ಬಹಳ ಮೊದಲೇ, 1878ರಷ್ಟು ಹಿಂದೆಯೇ, ಥಾಮಸ್ ಆಲ್ವ ಎಡಿಸನ್ ತನ್ನ ಪತ್ರವೊಂದರಲ್ಲಿ ಹೊಸ ಉಪಕರಣಗಳಲ್ಲಿ ತಲೆದೋರುವ ಸಣ್ಣಪುಟ್ಟ ತೊಡಕುಗಳಿಗೆ ಈ ಮಾತನ್ನು ಬಳಸಿದ್ದನು. ಆದರೆ ಹುಳುವೊಂದು ನಿಜವಾಗಿಯೇ ಗಣಕಯಂತ್ರದಲ್ಲಿ ಸಿಕ್ಕಿದ ಸಂಗತಿ ನಡೆದದ್ದು 1947ರ ಸೆಪ್ಟೆಂಬರ್ 9ರಂದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ‘ಮಾರ್ಕ್ 2’ ಎಂಬ ಯಂತ್ರವು ತಪ್ಪು ಫಲಿತಾಂಶವನ್ನು ಕೊಡುತ್ತಿತ್ತು. ಆ ಯಂತ್ರದ ಲೆಕ್ಕಾಚಾರವೆಲ್ಲ ರಿಲೇಗಳೆಂಬ ವಿದ್ಯುತ್ ಸ್ವಿಚ್ಚುಗಳಿಂದ ನಡೆಯುತ್ತಿತ್ತು. ಅಲ್ಲಿನ ಕೆಲಸಗಾರರು ಒಂದೊಂದು ಭಾಗವನ್ನೇ ಪರೀಕ್ಷಿಸುತ್ತ ಹೋದಾಗ 70ನೆಯ ರಿಲೇಯಲ್ಲಿ ಒಂದು ಪತಂಗವು ಸಿಕ್ಕಿಕೊಂಡಿರುವುದು ಕಂಡಿತು. ಅವರು ಅದನ್ನು ತೆಗೆದು ಎಸೆಯಲಿಲ್ಲ. ದಿನಚರಿಯ ಪುಸ್ತಕದಲ್ಲಿ ವೇಳೆಯನ್ನು ಬರೆದು, ಪತಂಗವನ್ನು ಅಲ್ಲಿಯೇ ಅಂಟಿಸಿ, ಹುಳುವು ನಿಜವಾಗಿ ದೊರೆತ ಮೊದಲ ಪ್ರಸಂಗವಿದೆಂದು ವಿನೋದವಾಗಿ ದಾಖಲಿಸಿದರು. ಆ ಪುಸ್ತಕವನ್ನು ಇಂದು ವಾಷಿಂಗ್ಟನ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯವೊಂದರಲ್ಲಿ ಕಾಪಾಡಲಾಗಿದೆ.

ಜನರು ಈ ಕತೆಯನ್ನು ಪತಂಗಕ್ಕಾಗಿ ನೆನೆಯುತ್ತಾರೆ. ನೆನೆಯಬೇಕಾದುದು ಪುಸ್ತಕವನ್ನು. ಏನು ಕಂಡಿತು, ಎಲ್ಲಿ ಕಂಡಿತು, ಯಾವ ಹೊತ್ತಿನಲ್ಲಿ ಕಂಡಿತು ಎಂಬುದನ್ನು ಕಂಡೊಡನೆ ಬರೆದಿಡುವ ಅಭ್ಯಾಸವೇ ದೋಷಶೋಧನೆಯ ಮೊದಲ ಮೆಟ್ಟಿಲು. ಮನೆಯ ಯಂತ್ರಕ್ಕೂ ಈ ನಿಯಮ ತಪ್ಪಿದ್ದಲ್ಲ. ಪರದೆಯ ಮೇಲೆ ಮೂಡಿದ ಸಂಕೇತಪದವನ್ನು ಒಂದಕ್ಷರವೂ ತಪ್ಪದಂತೆ ಬರೆದುಕೊಳ್ಳಬೇಕು, ಇಲ್ಲವೇ ಅದರ ಛಾಯಾಚಿತ್ರವನ್ನು ತೆಗೆದುಕೊಳ್ಳಬೇಕು. ಆಗ ಯಾವ ಕೆಲಸ ನಡೆಯುತ್ತಿತ್ತು? ಯಂತ್ರವನ್ನು ಹಚ್ಚಿ ಎಷ್ಟು ಹೊತ್ತಾಗಿತ್ತು? ಈ ತೊಂದರೆ ಮೊದಲು ಕಾಣಿಸಿದ್ದು ಎಂದು? ಅದಕ್ಕೆ ಸ್ವಲ್ಪ ಮೊದಲು ಯಂತ್ರಕ್ಕೆ ಹೊಸದಾಗಿ ಸೇರಿದ್ದೇನು? ಇವಕ್ಕೆ ಉತ್ತರವನ್ನು ಒಂದು ಹಾಳೆಯ ಮೇಲೆ ಬರೆದಿಡುತ್ತ ಬಂದರೆ, ನಾಲ್ಕು ದಿನಗಳಲ್ಲಿ ಆ ಹಾಳೆಯೇ ಮಾತನಾಡತೊಡಗುತ್ತದೆ. ಮಧ್ಯಾಹ್ನದ ಸೆಖೆಯಲ್ಲಿ ಮಾತ್ರ ನಿಲ್ಲುವ ಯಂತ್ರವು ತನ್ನ ಕಾವಿನ ಕತೆಯನ್ನು ಹೇಳುತ್ತದೆ. ಹೊಸ ಪ್ರಿಂಟರ್ ಬಂದ ದಿನದಿಂದ ನಿಲ್ಲುತ್ತಿರುವ ಯಂತ್ರವು ಇನ್ನೊಂದು ಕತೆಯನ್ನು ಹೇಳುತ್ತದೆ. ಯಂತ್ರವೂ ತನ್ನದೇ ಆದ ಒಂದು ದಿನಚರಿಯನ್ನು ಬರೆಯುತ್ತಿರುತ್ತದೆ. ವಿಂಡೋಸ್‌ನಲ್ಲಿ ‘ಈವೆಂಟ್ ವ್ಯೂವರ್’ ಎಂಬ ಹೆಸರಿನಿಂದ ಅದನ್ನು ತೆರೆದು ಓದಬಹುದು. ಎರಡು ದಿನಚರಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದವನಿಗೆ ಅರ್ಧ ದಾರಿ ಸವೆದಂತೆಯೇ.

ದೋಷವು ನೆಲಸುವ ತಾಣಗಳು ಮುಖ್ಯವಾಗಿ ಮೂರು. ಮೊದಲನೆಯದು ಯಂತ್ರಾಂಶ, ಎಂದರೆ ಕೈಗೆ ಸಿಕ್ಕುವ ಭಾಗಗಳು: ರ‍್ಯಾಮ್ ಎಂಬ ತಾತ್ಕಾಲಿಕ ನೆನಪಿನ ಪಟ್ಟಿ, ಮಾಹಿತಿಯನ್ನು ಬಹುಕಾಲ ಇಡುವ ಡಿಸ್ಕ್, ವಿದ್ಯುತ್ತನ್ನು ಒದಗಿಸುವ ಪೆಟ್ಟಿಗೆ, ಫ್ಯಾನು, ತಂತಿಗಳು. ಎರಡನೆಯದು ತಂತ್ರಾಂಶ, ಎಂದರೆ ಕಣ್ಣಿಗೆ ಕಾಣದ ಆಜ್ಞೆಗಳ ಸರಣಿ. ಪ್ರಿಂಟರ್ ಮೊದಲಾದ ಉಪಕರಣಗಳಿಗೂ ಕಾರ್ಯಾಚರಣಾ ವ್ಯವಸ್ಥೆಗೂ ನಡುವೆ ದುಭಾಷಿಯಂತೆ ದುಡಿಯುವ ‘ಡ್ರೈವರ್’ ಕಾರ್ಯಕ್ರಮಗಳು ಈ ವರ್ಗದವು. ಮೂರನೆಯದು ಹೊರಗಿನ ಪರಿಸರ: ಕಾವು, ಧೂಳು, ಏರಿಳಿಯುವ ವಿದ್ಯುತ್ತು.

ಈ ಮೂರರ ನಡುವಿನ ಗಡಿಯು ಕೆಲವೊಮ್ಮೆ ಪಂಡಿತರನ್ನೂ ಕಂಗೆಡಿಸಿದೆ. 1970ರ ದಶಕದಲ್ಲಿ ಸರಿಯಾಗಿರುವ ನೆನಪಿನ ಚಿಪ್ಪುಗಳಲ್ಲಿಯೇ ಒಮ್ಮೊಮ್ಮೆ 0 ಇದ್ದಲ್ಲಿ 1, 1 ಇದ್ದಲ್ಲಿ 0 ಆಗುತ್ತಿತ್ತು. ಚಿಪ್ಪನ್ನು ಪರೀಕ್ಷಿಸಿದರೆ ಯಾವ ಊನವೂ ಕಾಣುತ್ತಿರಲಿಲ್ಲ. 1978ರಲ್ಲಿ ಇಂಟೆಲ್ ಸಂಸ್ಥೆಯ ಮೇ ಮತ್ತು ವುಡ್ಸ್ ಎಂಬ ಸಂಶೋಧಕರು ಇದರ ಗುಟ್ಟನ್ನು ಹೊರಗೆಡಹಿದರು. ಚಿಪ್ಪನ್ನು ಮುಚ್ಚಿದ ಹೊದಿಕೆಯ ವಸ್ತುವಿನಲ್ಲಿ ಯುರೇನಿಯಂ ಮತ್ತು ಥೋರಿಯಂಗಳು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿದ್ದುವು. ಅವುಗಳಿಂದ ಹೊಮ್ಮಿದ ಆಲ್ಫಾ ಕಣಗಳು ನೆನಪನ್ನು ಕದಡುತ್ತಿದ್ದುವು. ಚಿಪ್ಪಿನಲ್ಲಿಲ್ಲದ ದೋಷವು ಅದರ ಹೊದಿಕೆಯಲ್ಲಿತ್ತು! ಕಾಣದ್ದನ್ನೆಲ್ಲ ಇಲ್ಲವೆನ್ನಲಾಗದೆಂಬ ಪಾಠವನ್ನು ಇದು ಕಲಿಸುತ್ತದೆ.

ತಾಣ ಯಾವುದೇ ಇರಲಿ, ಹುಡುಕಾಟ ಆರಂಭಿಸುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಕಳೆದುಹೋದರೆ ಮತ್ತೆ ಸಿಗದಂಥ ಬರಹಗಳನ್ನೂ ಚಿತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ ಇಡಬೇಕು. ಯಂತ್ರವನ್ನು ಅಂಗಡಿಯಿಂದ ಮತ್ತೆ ತರಬಹುದು; ಅಜ್ಜಿಯ ಕೊನೆಯ ಭಾವಚಿತ್ರವನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಅನಂತರದ ನಿಯಮವು ಹೇಳುವುದಕ್ಕೆ ಸುಲಭ, ಪಾಲಿಸುವುದಕ್ಕೆ ಕಷ್ಟ: ಒಂದು ಸಲಕ್ಕೆ ಒಂದೇ ಬದಲಾವಣೆ. ಯಂತ್ರದಲ್ಲಿ ರ‍್ಯಾಮಿನ ಎರಡು ಪಟ್ಟಿಗಳಿದ್ದರೆ, ಒಂದನ್ನು ತೆಗೆದು ನಾಲ್ಕು ದಿನ ನೋಡಬೇಕು. ಅನಂತರ ಅದನ್ನು ಹಾಕಿ ಇನ್ನೊಂದನ್ನು ತೆಗೆಯಬೇಕು. ಎರಡನ್ನೂ ಬದಲಿಸಿ, ಡ್ರೈವರನ್ನೂ ಬದಲಿಸಿ, ಫ್ಯಾನಿನ ಧೂಳನ್ನೂ ಒರೆಸಿದಾಗ ತೊಂದರೆ ನಿಂತಿತೆನ್ನೋಣ. ನಿಲ್ಲಿಸಿದ್ದು ಯಾವುದು? ತಿಳಿಯದು. ತಿಳಿಯದೆ ಹೋದ ದೋಷವು ತಿಳಿಯದೆಯೇ ಹಿಂದಿರುಗುತ್ತದೆ. ಯಂತ್ರದ ಪೆಟ್ಟಿಗೆಯನ್ನು ತೆರೆಯುವಾಗ ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತಿಡಬೇಕು, ಹಿರಿಯರೊಬ್ಬರು ಜೊತೆಯಲ್ಲಿರಬೇಕು. ವಿದ್ಯುತ್ ಒದಗಿಸುವ ಒಳಪೆಟ್ಟಿಗೆಯನ್ನಂತೂ ಬಿಚ್ಚಲೇಬಾರದು. ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ.

ಸಂದೇಹಕ್ಕೆ ಗುರಿಯಾದವು ಬಹಳವಿದ್ದರೆ ಅರ್ಧಿಸುವ ಉಪಾಯವಿದೆ. ಯಂತ್ರದೊಡನೆ ತಾವಾಗಿಯೇ ಆರಂಭವಾಗುವ ಕಾರ್ಯಕ್ರಮಗಳು 16 ಇವೆಯೆನ್ನೋಣ. ಅವುಗಳಲ್ಲಿ 8ನ್ನು ನಿಲ್ಲಿಸಿ ನೋಡಿದಾಗ ತೊಂದರೆ ಮುಂದುವರಿದರೆ ತಪ್ಪಿತಸ್ಥ ಕಾರ್ಯಕ್ರಮವು ಉಳಿದ 8ರಲ್ಲಿದೆ. ತೊಂದರೆ ಹೋದರೆ ನಿಲ್ಲಿಸಿದ 8ರಲ್ಲಿದೆ. ಮತ್ತೆ ನಾಲ್ಕು, ಎರಡು, ಒಂದು. ನಾಲ್ಕೇ ಪರೀಕ್ಷೆಗಳಲ್ಲಿ ಅದು ಸಿಕ್ಕಿಬೀಳುತ್ತದೆ. ಸಂದೇಹಿತರು 1024 ಇದ್ದರೂ ಹತ್ತು ಪರೀಕ್ಷೆಗಳು ಸಾಕು. ಎರಡರ ಘಾತಗಳನ್ನು ಕಲಿತ ವಿದ್ಯಾರ್ಥಿಗೆ ಈ ಲೆಕ್ಕವು ಹೊಸದೇನಲ್ಲ.

ಹೊರಗಿನಿಂದ ಬಂದ ಕಾರ್ಯಕ್ರಮವು ಯಂತ್ರವನ್ನು ಆರಂಭವಾಗಲೂ ಬಿಡದಿದ್ದರೆ ‘ಸೇಫ್ ಮೋಡ್’ ಎಂಬ ಸುರಕ್ಷಿತ ವಿಧಾನವಿದೆ. ಅದರಲ್ಲಿ ಅತ್ಯಗತ್ಯವಾದ ಭಾಗಗಳು ಮಾತ್ರ ಎಚ್ಚರಗೊಳ್ಳುತ್ತವೆ. ಇದರ ಬೆಲೆಯನ್ನು ಜಗತ್ತು 2024ರ ಜುಲೈ 19ರಂದು ಅರಿತುಕೊಂಡಿತು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ಕಾರ್ಯಕ್ರಮಕ್ಕೆ ಅಂದು ಕಳುಹಿಸಿದ ಹೊಸ ಕಡತದಲ್ಲಿ ತಪ್ಪಿತ್ತು. ಕಾರ್ಯಕ್ರಮವು ಒದಗಿಸುತ್ತಿದ್ದುದು 20 ಅಂಶಗಳನ್ನು. ಕಡತವು ಅಪೇಕ್ಷಿಸಿದ್ದು 21ನ್ನು. ಇಲ್ಲದ ಒಂದನ್ನು ಓದಹೊರಟು ಸುಮಾರು 85 ಲಕ್ಷ ಗಣಕಯಂತ್ರಗಳು ನೀಲಿ ಪರದೆಯನ್ನು ತೋರಿಸಿ ನಿಂತುವು. ವಿಮಾನಗಳು ನೆಲದಲ್ಲೇ ಉಳಿದುವು. ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಭಾರತದ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಟ್ಟರು. ಕೊನೆಗೆ ಅಸಂಖ್ಯ ಯಂತ್ರಗಳ ಮುಂದೆ ಜನರು ಒಬ್ಬೊಬ್ಬರಾಗಿ ಕುಳಿತು, ಸುರಕ್ಷಿತ ವಿಧಾನದಲ್ಲಿ ಅವನ್ನು ಹಚ್ಚಿ, ಆ ಒಂದು ಕಡತವನ್ನು ತಮ್ಮ ಕೈಯಿಂದಲೇ ಅಳಿಸಬೇಕಾಯಿತು.

ದೋಷದ ಭಯವನ್ನೇ ಬಂಡವಾಳ ಮಾಡಿಕೊಂಡ ವಂಚಕರೂ ಇದ್ದಾರೆ. ಜಾಲತಾಣವೊಂದನ್ನು ನೋಡುತ್ತಿರುವಾಗ ನೀಲಿ ಪರದೆಯ ವೇಷ ಹಾಕಿದ ಚಿತ್ರವು ಮೂಡಿ, ಕೂಡಲೇ ಈ ಸಂಖ್ಯೆಗೆ ಫೋನ್ ಮಾಡಿರಿ ಎಂದು ಗದರಿಸುವುದುಂಟು. ನಿಜವಾದ ಸೂಚನೆಯು ಎಂದಿಗೂ ಫೋನ್ ಸಂಖ್ಯೆಯನ್ನು ಕೊಟ್ಟು ಕರೆಯುವುದಿಲ್ಲ. ಇದನ್ನು ಅರಿತ ಒಬ್ಬ ವಿದ್ಯಾರ್ಥಿಯು ಮನೆಯ ಹಿರಿಯರ ಗಳಿಕೆಯನ್ನು ಉಳಿಸಬಲ್ಲನು.

ಇಷ್ಟೆಲ್ಲ ಶ್ರಮವೇಕೆ, ನಿಂತಾಗ ಮತ್ತೆ ಹಚ್ಚಿಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರವಾಗಿ ಒಂದು ದುಃಖದ ಇತಿಹಾಸವಿದೆ. ಕೆನಡಾದಲ್ಲಿ ತಯಾರಾದ ‘ಥೆರಾಕ್-25’ ಎಂಬ ಯಂತ್ರವು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುತ್ತಿತ್ತು. ಅದನ್ನು ನಡೆಸುತ್ತಿದ್ದುದು ಗಣಕಯಂತ್ರ. ಹಿಂದಿನ ಮಾದರಿಯಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು, ರಕ್ಷಣೆಯ ಭಾರವನ್ನು ಹೆಚ್ಚಾಗಿ ತಂತ್ರಾಂಶದ ಮೇಲೆ ಹೊರಿಸಲಾಗಿತ್ತು. ಅದರ ಪರದೆಯ ಮೇಲೆ ಕಾರಣ ತಿಳಿಸದ ದೋಷಸೂಚನೆಗಳು ಪದೇ ಪದೇ ಮೂಡುತ್ತಿದ್ದುವು. ಯಂತ್ರವು ನಿಂತಾಗ ಒಂದು ಕೀಲಿಯನ್ನು ಒತ್ತಿದರೆ ಕೆಲಸ ಮುಂದುವರಿಯುತ್ತಿತ್ತು. ಒತ್ತಿ ಒತ್ತಿ ಕೈಗಳಿಗೆ ಅದು ರೂಢಿಯಾಯಿತು.

1986ರ ಮಾರ್ಚ್ ತಿಂಗಳಿನಲ್ಲಿ ಟೆಕ್ಸಾಸ್ ರಾಜ್ಯದ ಟೈಲರ್ ನಗರದ ಚಿಕಿತ್ಸಾಲಯದಲ್ಲಿ ‘ದೋಷ 54’ ಎಂಬ ಸೂಚನೆ ಮೂಡಿತು. ಎಂದಿನಂತೆ ಕೀಲಿಯನ್ನು ಒತ್ತಲಾಯಿತು. ಒಳಗೆ ಮಲಗಿದ್ದ ರೋಗಿಗೆ ನಿಗದಿಯಾದುದಕ್ಕಿಂತ ಹತ್ತಾರು ಪಟ್ಟು ಹೆಚ್ಚಿನ ವಿಕಿರಣ ತಗುಲಿತು. ತಯಾರಕರ ಕಡೆಯವರು ಪರೀಕ್ಷಿಸಿದಾಗ ಆ ಸೂಚನೆಯು ಮತ್ತೆ ಮೂಡಲೇ ಇಲ್ಲ. ಯಂತ್ರವು ಸರಿಯಾಗಿದೆಯೆಂದು ಅದನ್ನು ಮತ್ತೆ ಬಳಕೆಗೆ ತಂದರು. ಏಪ್ರಿಲಿನಲ್ಲಿ ಅದೇ ‘ದೋಷ 54’ ಮತ್ತೊಬ್ಬ ರೋಗಿಯನ್ನು ಬಲಿ ತೆಗೆದುಕೊಂಡಿತು. ಮೊದಲನೆಯ ರೋಗಿಯೂ ಕೆಲವು ತಿಂಗಳಲ್ಲಿ ತೀರಿಕೊಂಡರು.

ಆಗ ಚಿಕಿತ್ಸಾಲಯದ ಭೌತವಿಜ್ಞಾನಿಯು ಯಂತ್ರವನ್ನು ನಿಲ್ಲಿಸಿ, ಅದನ್ನು ನಡೆಸುತ್ತಿದ್ದ ಸಿಬ್ಬಂದಿಯನ್ನು ಜೊತೆಗೆ ಕೂರಿಸಿಕೊಂಡು, ಆ ದಿನ ನಡೆದುದನ್ನು ಮತ್ತೆ ಮತ್ತೆ ಮಾಡಿ ನೋಡಿದನು. ಕೊನೆಗೆ ಗುಟ್ಟು ಬಯಲಾಯಿತು. ಚಿಕಿತ್ಸೆಯ ಬಗೆಯನ್ನು ತಪ್ಪಾಗಿ ನಮೂದಿಸಿ, ಎಂಟು ಸೆಕೆಂಡುಗಳೊಳಗೆ ವೇಗವಾಗಿ ತಿದ್ದಿದರೆ, ಪರದೆಯು ತಿದ್ದುಪಡಿಯನ್ನು ತೋರಿಸುತ್ತಿತ್ತು. ಒಳಗಿನ ಯಂತ್ರವು ಹಳೆಯ ಆಜ್ಞೆಯನ್ನೇ ಹಿಡಿದಿರುತ್ತಿತ್ತು. ನಿಧಾನವಾಗಿ ಒತ್ತಿ ನೋಡಿದವರಿಗೆ ದೋಷವು ಕಾಣಿಸಿಕೊಳ್ಳಲಿಲ್ಲ. ಅಭ್ಯಾಸ ಬಲದಿಂದ ಚುರುಕಾದ ಬೆರಳುಗಳಿಗೆ ಮಾತ್ರ ಅದು ಕಾಣಿಸಿತು. 1985ರಿಂದ 1987ರವರೆಗೆ ಈ ಮಾದರಿಯ ಯಂತ್ರಗಳಿಂದ ಆರು ಮಂದಿ ರೋಗಿಗಳು ಅತಿಯಾದ ವಿಕಿರಣಕ್ಕೆ ತುತ್ತಾದರು. ನಿಂತ ಎತ್ತನ್ನು ಹೊಡೆದು ಮುಂದಕ್ಕೆ ನಡೆಸಿದುದರ ಫಲವಿದು.

ಇದಕ್ಕೆ ಎದುರಾಗಿ ಸಂತೋಷದ ಉದಾಹರಣೆಯೊಂದಿದೆ. 1997ರ ಜುಲೈ 4ರಂದು ‘ಪಾಥ್‌ಫೈಂಡರ್’ ನೌಕೆಯು ಮಂಗಳ ಗ್ರಹದ ಮೇಲೆ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಗಣಕಯಂತ್ರವು ಇದ್ದಕ್ಕಿದ್ದಂತೆ ತನ್ನನ್ನು ತಾನೇ ಮತ್ತೆ ಮತ್ತೆ ಆರಂಭಿಸಿಕೊಳ್ಳತೊಡಗಿತು. ಪ್ರತಿಸಲವೂ ಆ ದಿನದ ಉಳಿದ ಕೆಲಸ ಕೆಡುತ್ತಿತ್ತು. ಭೂಮಿಯಿಂದ ಹೊರಟ ಸಂದೇಶವು ಅಲ್ಲಿಗೆ ಮುಟ್ಟಲು ಹತ್ತು ನಿಮಿಷಗಳಿಗೂ ಹೆಚ್ಚು ಕಾಲ ಬೇಕು. ಅಲ್ಲಿ ಯಂತ್ರವನ್ನು ಬಿಚ್ಚಿ ನೋಡುವವರು ಯಾರು? ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಎಂಜಿನಿಯರುಗಳು ಭೂಮಿಯ ಮೇಲಿದ್ದ ಅದರ ಪ್ರತಿರೂಪವನ್ನೇ ಮುಂದಿಟ್ಟುಕೊಂಡರು. ಪ್ರತಿಯೊಂದು ಹೆಜ್ಜೆಯನ್ನೂ ದಾಖಲಿಸುವಂತೆ ಅದನ್ನು ಅಣಿಗೊಳಿಸಿ, ದೋಷವು ಅಲ್ಲಿಯೂ ಕಾಣಿಸಿಕೊಳ್ಳುವವರೆಗೆ ಪಟ್ಟು ಬಿಡದೆ ನಡೆಸಿದರು.

ದೊರೆತ ಕಾರಣವನ್ನು ಒಂದು ಸಾಮ್ಯದಿಂದ ತಿಳಿಯಬಹುದು. ಊರ ಬಾವಿಗೆ ಇರುವುದು ಒಂದೇ ಹಗ್ಗ. ಚಿಕ್ಕ ಹುಡುಗನೊಬ್ಬನು ಅದನ್ನು ಹಿಡಿದು ನೀರು ಸೇದುತ್ತಿದ್ದಾನೆ. ತುರ್ತಾಗಿ ನೀರು ಬೇಕಾದ ಯಜಮಾನನು ಹಗ್ಗಕ್ಕಾಗಿ ಕಾದಿದ್ದಾನೆ. ಅಷ್ಟರಲ್ಲಿ ನೆರೆಯವನು ಬಂದು, ತಾನು ಹುಡುಗನಿಗಿಂತ ದೊಡ್ಡವನೆಂಬ ಅಧಿಕಾರದಿಂದ ಅವನನ್ನು ತಡೆದು, ತನ್ನ ಕೆಲಸವನ್ನು ನಡೆಸುತ್ತಾನೆ. ಹುಡುಗನು ಸೇದಿ ಮುಗಿಸುವಂತಿಲ್ಲ. ಯಜಮಾನನಿಗೆ ಹಗ್ಗ ಸಿಗುವಂತಿಲ್ಲ. ನೌಕೆಯಲ್ಲಿ ನಡೆದುದೂ ಇದೇ. ಹವಾಮಾನವನ್ನು ಅಳೆಯುವ ಕಿರಿಯ ಕೆಲಸವು ಹಗ್ಗವನ್ನು ಹಿಡಿದಿತ್ತು. ಮಾಹಿತಿಯನ್ನು ಸಾಗಿಸುವ ಹಿರಿಯ ಕೆಲಸವು ಕಾಯುತ್ತಿತ್ತು. ನಡುವಣ ಕೆಲಸಗಳು ಅಡ್ಡ ಬರುತ್ತಿದ್ದುವು. ಹಿರಿಯ ಕೆಲಸವು ಸಕಾಲಕ್ಕೆ ಮುಗಿಯದಿದ್ದುದನ್ನು ಕಂಡ ಕಾವಲು ವ್ಯವಸ್ಥೆಯು ಇಡೀ ಯಂತ್ರವನ್ನು ಮತ್ತೆ ಆರಂಭಿಸುತ್ತಿತ್ತು. ಹಗ್ಗ ಹಿಡಿದವನಿಗೆ, ಹಿಡಿದಿರುವಷ್ಟು ಹೊತ್ತು, ಕಾಯುತ್ತಿರುವ ಯಜಮಾನನ ಅಧಿಕಾರವೇ ಸಲ್ಲಲೆಂಬ ನಿಯಮವನ್ನು ಭೂಮಿಯಿಂದಲೇ ಕಳುಹಿಸಿದರು. ತೊಂದರೆ ತೀರಿತು. ನೌಕೆಯು ಅದೇ ಸೆಪ್ಟೆಂಬರಿನವರೆಗೂ ಮಂಗಳದ ಸುದ್ದಿಯನ್ನು ಕಳುಹಿಸುತ್ತಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ನೌಕೆಯು ಮಂಗಳವನ್ನು ಮುಟ್ಟುವ ಮೊದಲೇ ಈ ದೋಷವು ಪರೀಕ್ಷೆಯಲ್ಲಿ ಇಣುಕಿ ನೋಡಿತ್ತು. ಹುಡುಕಹೊರಟಾಗ ಮತ್ತೆ ಕಾಣಿಸಿಕೊಂಡಿರಲಿಲ್ಲ. ಮರೆಯಾದ ದೋಷವು ಮಾಯವಾದ ದೋಷವಲ್ಲ.

ದೋಷವನ್ನು ಪ್ರಶ್ನೆಯಾಗಿ ಸ್ವೀಕರಿಸಿದವರಿಂದ ವಿಜ್ಞಾನವೇ ಬೆಳೆದಿದೆ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ವಾರಾಂತ್ಯಗಳಲ್ಲಿ ತನ್ನ ಲೆಕ್ಕಗಳನ್ನು ಯಂತ್ರಕ್ಕೆ ಒಪ್ಪಿಸಿ ಹೋಗುತ್ತಿದ್ದನು. ಎರಡು ವಾರಗಳ ಕಾಲ ಹಿಂದಿರುಗಿ ನೋಡಿದಾಗ, ದೋಷವನ್ನು ಕಂಡ ಯಂತ್ರವು ಅವನ ಲೆಕ್ಕವನ್ನು ಕೈಬಿಟ್ಟಿತ್ತು. ಅವನಿಗೆ ಸಿಟ್ಟು ಬಂದುದು ಸಹಜ. ಆದರೆ ಆ ಸಿಟ್ಟು ಒಂದು ಪ್ರಶ್ನೆಯಾಗಿ ಮಾರ್ಪಟ್ಟಿತು: ದೋಷವಿದೆಯೆಂದು ತಿಳಿಯಬಲ್ಲ ಯಂತ್ರವು ಅದು ಎಲ್ಲಿದೆಯೆಂದು ತಿಳಿದು ತಾನೇ ಏಕೆ ತಿದ್ದಿಕೊಳ್ಳಬಾರದು? 1950ರಲ್ಲಿ ಅವನು ಪ್ರಕಟಿಸಿದ ದೋಷ ತಿದ್ದುವ ಸಂಕೇತಗಳೇ ಇದಕ್ಕೆ ಉತ್ತರ. ದೊಡ್ಡ ಗಣಕಯಂತ್ರಗಳ ನೆನಪನ್ನು ಇಂದು ಕಾಯುತ್ತಿರುವುದು ಆ ವಿಚಾರದಿಂದ ಬೆಳೆದ ವಿದ್ಯೆ.

ಮನೆಯ ಯಂತ್ರದ ಮುಂದೆ ಕುಳಿತ ವಿದ್ಯಾರ್ಥಿಯು ಹ್ಯಾಮಿಂಗನಾಗಬೇಕಿಲ್ಲ, ಮಂಗಳಕ್ಕೆ ಸಂದೇಶ ಕಳುಹಿಸಬೇಕಿಲ್ಲ. ಅವನಿಗೂ ಅವಳಿಗೂ ಬೇಕಾದುದು ಒಂದು ಹಾಳೆ, ಒಂದು ಲೇಖನಿ, ಒಂದಿಷ್ಟು ತಾಳ್ಮೆ. ಕಂಡುದನ್ನು ಕಂಡಂತೆ ಬರೆಯುವುದು, ಊಹೆಯನ್ನು ಪರೀಕ್ಷೆಗೆ ಒಡ್ಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ತನ್ನ ಊಹೆ ತಪ್ಪೆಂದು ತೋರಿದಾಗ ಅದನ್ನು ಬಿಟ್ಟುಕೊಡುವುದು: ಇಷ್ಟನ್ನು ಕಲಿತವರಿಗೆ ಯಂತ್ರವು ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ. ಕೆಲವು ಸಲ ಆ ಗುಟ್ಟು ತಮ್ಮ ಕೈಗೆ ಮೀರಿದ್ದೆಂದು ತಿಳಿದುಬರಬಹುದು. ಆಗ ಬಲ್ಲವರ ಬಳಿಗೆ ಯಂತ್ರವನ್ನು ಒಯ್ಯಬೇಕು. ಜೊತೆಯಲ್ಲಿ ಆ ಹಾಳೆಯನ್ನೂ ಒಯ್ಯಬೇಕು. ರೋಗದ ಲಕ್ಷಣಗಳನ್ನು ಕ್ರಮವಾಗಿ ಹೇಳಬಲ್ಲ ರೋಗಿಯು ಬಂದರೆ ವೈದ್ಯನ ಕೆಲಸ ಎಷ್ಟು ಹಗುರವಾಗುತ್ತದೆಂಬುದನ್ನು ಯಾವ ವೈದ್ಯನನ್ನು ಕೇಳಿದರೂ ಹೇಳುತ್ತಾನೆ.

ಅಭ್ಯಾಸ

1. ನೀಲಿ ಪರದೆಯನ್ನು ತೋರಿಸಿ ಯಂತ್ರವು ಬೇಕೆಂದೇ ನಿಲ್ಲುವುದೇಕೆ?
2. ‘ನೆನೆಯಬೇಕಾದುದು ಪುಸ್ತಕವನ್ನು.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
3. ತಯಾರಕರಿಗೆ ಕಾಣದ ದೋಷವು ಟೈಲರ್ ನಗರದ ಭೌತವಿಜ್ಞಾನಿಗೆ ಕಂಡುದು ಹೇಗೆ?
4. 64 ಕಾರ್ಯಕ್ರಮಗಳಲ್ಲಿ ಒಂದು ಮಾತ್ರ ದೋಷಯುಕ್ತವಾಗಿದ್ದರೆ ಅರ್ಧಿಸುವ ಉಪಾಯದಿಂದ ಅದನ್ನು ಎಷ್ಟು ಪರೀಕ್ಷೆಗಳಲ್ಲಿ ಕಂಡುಹಿಡಿಯಬಹುದು?
5. ನಿಮ್ಮ ಮನೆಯ ಅಥವಾ ಶಾಲೆಯ ಯಾವುದಾದರೂ ಉಪಕರಣದಲ್ಲಿ ಮರುಕಳಿಸುವ ತೊಂದರೆಯನ್ನು ಒಂದು ವಾರ ಗಮನಿಸಿ, ಕಂಡುದನ್ನು ದಿನಾಂಕ ಸಹಿತ ಬರೆಯಿರಿ.